ನೀಲಿ ಮುಚ್ಚಳದ ಡಬ್ಬಿ

ಕೊಟ್ಟೂರಿನ ಆ ಓಣಿಗಳಲ್ಲಿ ಯಾವ ಮನೆಯ ಒಲೆ ಎರಡಾಯಿತು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಕೊಟ್ರಬಸಮ್ಮನಿಗೆ. ಅದಕ್ಕಾಗಿ ಅವಳು ಯಾರ ಬಾಗಿಲಿಗೂ ಕಿವಿ ಹಚ್ಚಬೇಕಿರಲಿಲ್ಲ. ಮನೆಯ ಮುಂದಿನ ಅಂಕಣದಲ್ಲೇ ಹಿಟ್ಟಿನ ಗಿರಣಿ. ಊರು ತಾನಾಗಿ ಡಬ್ಬಿ ಹೊತ್ತು ಬರುತ್ತಿತ್ತು. ದೊಡ್ಡ ಡಬ್ಬಿ ತುಂಬ ಜೋಳ ತರುತ್ತಿದ್ದ ಮನೆಯಿಂದ ಒಂದು ದಿನ ಅರ್ಧ ಡಬ್ಬಿ ಬಂತೆನ್ನಿ. ಅದರ ಬೆನ್ನಿಗೇ ಹೊಸ ಸ್ಟೀಲ್ ಡಬ್ಬಿಯೊಂದು ಬೇರೆ ಕೈಯಲ್ಲಿ ಬಂದು ಸಾಲಿನ ಕೊನೆಗೆ ನಿಂತಿತೆನ್ನಿ. ಅವಳು ಏನೂ ಕೇಳುತ್ತಿರಲಿಲ್ಲ. ತಕ್ಕಡಿಗಿಡುವ ನೆಪದಲ್ಲಿ ಮುಚ್ಚಳ ತೆಗೆದು ನೋಡುತ್ತಿದ್ದಳು, ತಂದವಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡುತ್ತಿದ್ದಳು, ಅಷ್ಟೇ. ಸಂಜೆಯೊಳಗೆ ಸುದ್ದಿ ಓಣಿ ದಾಟಿರುತ್ತಿತ್ತು.

ಅವಳ ಗಂಡ ಏಕಾಂತಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಗಿರಣಿ ನಡೆಸುವ ಮನುಷ್ಯ. ಮೋಟಾರು ನಿಂತ ಮೇಲೂ ಹತ್ತಿ ತೆಗೆಯುವುದನ್ನು ಮರೆಯುತ್ತಿದ್ದ. ಇಲ್ಲವೇ ಮರೆತವನಂತೆ ಇರುತ್ತಿದ್ದ. ಎರಡರಲ್ಲಿ ಯಾವುದು ನಿಜ ಎಂಬುದು ಇಷ್ಟು ವರ್ಷದ ಸಂಸಾರದಲ್ಲೂ ಅವಳಿಗೆ ಬಗೆಹರಿದಿರಲಿಲ್ಲ.

ಇಂಥವಳ ಮನೆಯಲ್ಲೇ ಒಂದು ಮುಂಜಾನೆ ಮಗ ಗವಿಸಿದ್ದೇಶ ರೊಟ್ಟಿ ಮುರಿಯುತ್ತ ಹೇಳಿದ.

"ಮುಂದಿನ ತಿಂಗಳದಿಂದ ನಾ ಹರಪನಹಳ್ಳ್ಯಾಗ ಇರ್ತೀನವ್ವ. ಮನಿ ನೋಡಾಕತ್ತೀನಿ."

ಗವಿಸಿದ್ದೇಶನಿಗೆ ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಗಾಳಿಗೆ ತಿರುಗುವ ದೊಡ್ಡ ಫ್ಯಾನುಗಳನ್ನು ರಿಪೇರಿ ಮಾಡುವ ಕೆಲಸ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ.

"ಮನಿನಾ, ರೂಮಾ?" ಎಂದಳು ಕೊಟ್ರಬಸಮ್ಮ.

"ಮನಿ. ಸಣ್ಣದು."

"ಒಬ್ಬಗ ಮನಿ ಎದಕ್ಕ?"

ಅವನು ಬಾಯಲ್ಲಿದ್ದ ತುತ್ತನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಗಿದ. "ಬೈಕಿನ್ಯಾಗ ಅಡ್ಡಾಡಿ ಅಡ್ಡಾಡಿ ನಡ ಹೋಗೈತವ್ವ."

"ಇಷ್ಟು ದಿನ ಅಡ್ಡಾಡಿದಿ, ನಡ ಈಗ ನೆನಪಾತೇನು?"

ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಗಾದೆಮ್ಮ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಿನಿಂದ ಕಲಸುತ್ತ, "ಹುಡುಗ ದೊಡ್ಡಾವ ಆಗ್ಯಾನ. ಹೋಗ್ಲಿ ಬಿಡು," ಎಂದಳು. ಮೊಮ್ಮಗ ಒಂದು ತಾಸು ತಡವಾಗಿ ಬಂದರೆ ಬಾಗಿಲಿಗೂ ಅಂಗಳಕ್ಕೂ ಅಡ್ಡಾಡುವ ಮುದುಕಿ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದೇ ಕೊಟ್ರಬಸಮ್ಮನಿಗೆ ವಿಚಿತ್ರವೆನಿಸಬೇಕಿತ್ತು. ಆದರೆ ಅವಳ ಕಣ್ಣೆಲ್ಲ ಮಗನ ಮುಖದ ಮೇಲಿತ್ತು. ಅವನು ತಲೆ ಎತ್ತಲಿಲ್ಲ.

ಅವತ್ತಿನಿಂದ ಅವಳು ಮಗನನ್ನು ಓದತೊಡಗಿದಳು. ಅವನು ಸ್ನಾನಕ್ಕೆ ಹೋದಾಗ ಚೀಲ ತೆರೆದು ನೋಡಿದಳು. ಎರಡು ತಾಟು, ಎರಡು ಲೋಟ. ಅದಾದರೂ ಇರಲಿ, ಸ್ನೇಹಿತರು ಬಂದಾರು. ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ್ದದ್ದು ರೊಟ್ಟಿ ಸುಡುವ ಕಬ್ಬಿಣದ ಹಂಚು. ಅವಳು ಚೀಲವನ್ನು ಇದ್ದಂತೆಯೇ ಮುಚ್ಚಿಟ್ಟಳು. ಒಂಟಿ ಗಂಡಸು ಕುಕ್ಕರ್ ಕೊಳ್ಳುತ್ತಾನೆ, ಅನ್ನಕ್ಕಿಡುತ್ತಾನೆ. ಹಂಚು ಕೊಂಡವನ ಮನಸ್ಸಿನಲ್ಲಿ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಗೋಡೆಯಾಚೆ ಮಗನ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ.

"ಕೀರ್ತನಾ ಮೇಡಂ, ಕೆಳಗಿನ ಮನೀನ ಬೇಕ್ರಿ. ಮೇಲಿಂದು ಬ್ಯಾಡ. ಅಕಿಗೆ ಮೆಟ್ಲ ಹತ್ತಾಕ ಆಗಂಗಿಲ್ಲ... ಇಲ್ರಿ, ಮನ್ಯಾಗ ಇನ್ನೂ ಹೇಳಿಲ್ಲ. ಹೇಳಿದ್ರ ಅವ್ವ ರಂಪ ಮಾಡ್ತಾಳ."

ಕೊಟ್ರಬಸಮ್ಮನ ಕೈಯಲ್ಲಿದ್ದ ಬೂದಿ ನೀರಿಗೆ ಉದುರಿತು. ಮೆಟ್ಟಿಲು ಹತ್ತಲಾಗದ ಆ "ಅಕಿ" ಯಾರು? ವಯಸ್ಸಿನ ಹುಡುಗಿಗೆ ಮೆಟ್ಟಿಲು ಹತ್ತಲು ಯಾಕೆ ಆಗುವುದಿಲ್ಲ? ಎಷ್ಟೋ ಮನೆಗಳ ಗುಟ್ಟು ಬಿಡಿಸಿದವಳಿಗೆ ತನ್ನ ಮನೆಯದು ಬಿಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆದರಿಕೆ ಹುಟ್ಟಿದ್ದು ಮಗನ ಬಗ್ಗೆ ಎನ್ನುವುದಕ್ಕಿಂತ ತಕ್ಕಡಿಯ ಮುಂದಿನ ಆ ಸಾಲಿನ ಬಗ್ಗೆ. ಇಷ್ಟು ದಿನ ತಾನು ಮುಚ್ಚಳ ತೆಗೆದು ನೋಡಿದವರೆಲ್ಲ ಇನ್ನು ತನ್ನ ಮನೆಯ ಮುಚ್ಚಳ ತೆಗೆಯುತ್ತಾರೆ.

ಅಂಗಳದಲ್ಲಿ ಗಾದೆಮ್ಮ ಮೊರದ ತುಂಬ ಜೋಳ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಕೊಟ್ರಬಸಮ್ಮ ಪಕ್ಕದಲ್ಲಿ ಕುಕ್ಕರಿಸಿದಳು.

"ಅತ್ತಿ, ನಿಮ್ಮ ಮೊಮ್ಮಗ ಕೆಟ್ಟಾನ್ರಿ."

"ಕೆಡಾಕ ಅವ ಏನು ಹಾಲೇನು?"

"ನಗಬ್ಯಾಡ್ರಿ. ಯಾವಕಿನೋ ಕಟ್ಕೊಂಡಾನ. ಅಕಿ ಬಸುರಿ ಅದಾಳ."

ಗಾದೆಮ್ಮನ ಬೆರಳು ಜೋಳದ ಮೇಲೆ ನಿಂತವು. "ಬಸುರಿ ಅಂತ ಯಾರು ಹೇಳಿದ್ರು ನಿನಗ?"

"ಮೆಟ್ಲ ಹತ್ತಾಕ ಆಗಂಗಿಲ್ಲಂತ. ಫೋನಿನ್ಯಾಗ ಅಂದಿದ್ದು ನಾನ ಕೇಳೀನಿ."

"ಅಷ್ಟಕ್ಕ ಬಸುರಿ ಅನ್ನಂಗಿದ್ರ ನಾನೂ ಬಸುರೀನ," ಎಂದು ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಕೆಮ್ಮೋ, ನಗುವೋ, ಅಳುವೋ ತಿಳಿಯಲಿಲ್ಲ. ಅಳು ಎಂದೇ ಕೊಟ್ರಬಸಮ್ಮ ತಿಳಿದಳು. ಮೇಲೆ ನಗೆಮಾತಾಡಿದರೂ ಒಳಗೆ ಮುದುಕಿಗೂ ನೋವಾಗಿದೆ ಅಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಗಾದೆಮ್ಮ ಬೇರೆ ಮಾತೆತ್ತಿದಳು. "ಸಿದ್ದೇಶ ಹ್ವಾದ ಮ್ಯಾಲ ನಾನೂ ಹಿರೇಹಡಗಲಿಗೆ ಹೋಗಿ ತಮ್ಮನ ಮನ್ಯಾಗ ನಾಕು ದಿನ ಇದ್ದು ಬರ್ತೀನಿ. ಮನಸಿಗೆ ಬ್ಯಾಸರ ಆಗೈತಿ."

"ಹೋಗಿ ಬರ್ರಿ," ಎಂದಳು ಕೊಟ್ರಬಸಮ್ಮ. ಮನೆಯಲ್ಲಿ ನಡೆಯಬಹುದಾದ ರಂಪಕ್ಕೆ ಮುದುಕಿ ಇಲ್ಲದಿರುವುದೇ ಒಳ್ಳೆಯದು.

ನೀಲಿ ಮುಚ್ಚಳದ ಡಬ್ಬಿ ಕಾಣಿಸಿದ್ದು ಮಗ ಹೊರಡುವ ದಿನ. ತ್ರೀ ಫೇಸ್ ಕರೆಂಟು ಬಂದು ಮೋಟಾರು ಶುರುವಾಗಿತ್ತು. ಸಾಲಿನಲ್ಲಿದ್ದ ಪ್ರತಿ ಡಬ್ಬಿಯ ಮೈಮೇಲೂ ಬಣ್ಣದಲ್ಲಿ ಹೆಸರಿತ್ತು, ಇಲ್ಲವೇ ಯಾವುದೋ ಗುರುತಿತ್ತು. ಇದರ ಮೇಲೆ ಏನೂ ಇರಲಿಲ್ಲ. ಹೊಳೆಯುವ ಸಣ್ಣ ಸ್ಟೀಲ್ ಡಬ್ಬಿ, ಅಳತೆಗೆ ಸರಿಹೊಂದದ ನೀಲಿ ಪ್ಲಾಸ್ಟಿಕ್ ಮುಚ್ಚಳ.

"ಏನ್ರೀ, ಇದ್ಯಾರ್ದು?"

ಏಕಾಂತಪ್ಪ ತಿರುಗಿ ನೋಡಲಿಲ್ಲ. "ಯಾರೋ ಇಟ್ಟು ಹೋಗ್ಯಾರ."

ಅವಳು ಮುಚ್ಚಳ ತೆಗೆದಳು. ಬಿಳಿ ಜೋಳ, ಒಂದು ಹರಳೂ ಇಲ್ಲದಂತೆ ಹಸನು ಮಾಡಿದ್ದು. ಇಬ್ಬರಿಗೆ ಒಂದು ವಾರಕ್ಕಾಗುವಷ್ಟು. ಕೈ ಒಳಗಿಟ್ಟು ಬಗೆದಾಗ ನಡುನಡುವೆ ಉದ್ದಿನ ಬೇಳೆ ಸಿಕ್ಕಿತು. ಜೋಳ ಹಳೆಯದಾಗಿ ಜಿಗಿ ಹೋಗಿದ್ದರೆ ರೊಟ್ಟಿ ಒಡೆಯದಿರಲೆಂದು ಒಂದು ಹಿಡಿ ಉದ್ದು ಬೆರೆಸಿ ಬೀಸಿಸುವುದುಂಟು. ಆದರೆ ಇದು ಈ ಸಲದ ಜೋಳ. ಹೊಸ ಜೋಳಕ್ಕೂ ಉದ್ದು ಹಾಕುವವಳೆಂದರೆ ಕೈಯಲ್ಲಿ ಹಿಡಿತವಿಲ್ಲದವಳು, ಈಗಷ್ಟೇ ರೊಟ್ಟಿ ಬಡಿಯಲು ಕಲಿಯುತ್ತಿರುವವಳು. ಹೊಸ ಒಲೆ, ಹೊಸ ಕೈ. ಡಬ್ಬಿ ಇಷ್ಟನ್ನೂ ಹೇಳಿತು.

ಅಷ್ಟರಲ್ಲಿ ಒಳಗಿನಿಂದ ಗವಿಸಿದ್ದೇಶ, "ಅಪ್ಪ, ಆ ನೀಲಿ ಮುಚ್ಚಳದ್ದು ಆತೇನು?" ಎನ್ನುತ್ತ ಬಂದವನು ತಾಯಿಯನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಇನ್ನೂ ಇಲ್ಲ. ನಾನ ಬೀಸಿ ಕೊಡ್ತೀನಿ," ಎಂದಳು ಕೊಟ್ರಬಸಮ್ಮ ಮೆತ್ತಗೆ. "ನೀ ಹೋಗಿ ಚಾ ಕುಡಿ."

ಅವನು ಹೋದ ಮೇಲೆ ಅವಳು ಜೋಳ ಸುರುವಿ ಕಲ್ಲು ಬಿಗಿಯುವ ಚಕ್ರಕ್ಕೆ ಕೈ ಹಾಕಿದಳು. ಬಿಗಿಯಲಿಲ್ಲ, ಸಡಿಲ ಬಿಟ್ಟಳು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ತರಿತರಿಯಾಗಿ ಬಿತ್ತು, ರವೆಯ ಹಾಗೆ. ಈ ಹಿಟ್ಟನ್ನು ಎಂಥ ಕೈ ಬಡಿದರೂ ರೊಟ್ಟಿಯ ಅಂಚು ಬಿರಿಯುತ್ತದೆ, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ಹೊಸ ಕೈಯಾದರಂತೂ ಕೇಳುವುದೇ ಬೇಡ. ಬಡಿಯಲಿ. ಮಗ ಅದನ್ನೇ ತಿನ್ನಲಿ, ತಿಂದು ಅವ್ವನ ರೊಟ್ಟಿ ನೆನೆಸಿಕೊಳ್ಳಲಿ.

"ಕಲ್ಲು ಸಡ್ಲ ಆಗೈತಿ ನೋಡು," ಎಂದ ಏಕಾಂತಪ್ಪ ಹಿಂದಿನಿಂದ.

"ಆಗ್ಲಿ."

ಅವನು ಹತ್ತಿಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಅವತ್ತೇ ಮಗ ಹೊರಟ. ಮಧ್ಯಾಹ್ನ ಏಕಾಂತಪ್ಪ ತಾಯಿಯನ್ನು ಹಿರೇಹಡಗಲಿ ಬಸ್ಸಿಗೆ ಹತ್ತಿಸಿ ಬರುತ್ತೇನೆಂದು ಕರೆದುಕೊಂಡು ಹೋದ. ಗಾದೆಮ್ಮನ ಗಂಟು ನಾಲ್ಕು ದಿನಕ್ಕೆ ಹೋಗುವವರದಕ್ಕಿಂತ ದೊಡ್ಡದಿತ್ತು. ಜಗಲಿಯ ಮೇಲಿನ ತನ್ನ ವಿಭೂತಿ ಗಟ್ಟಿಯನ್ನೂ ಒಯ್ದಿದ್ದಳು. ಕೊಟ್ರಬಸಮ್ಮ ಅದನ್ನು ನೋಡಿದಳು. ಆದರೆ ಅವಳ ತಲೆಯೊಳಗೆ ಆಗಲೇ ಒಬ್ಬಳು ಬಸುರಿ ಕೂತಿದ್ದಳು, ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಒಂದೆರಡು ದಿನ ಕಳೆದವು. ಪಕ್ಕದ ಓಣಿಯ ಯಶೋಧಾ ಗೋಧಿ ಡಬ್ಬಿ ಇಟ್ಟು ಕಂಬ ಹಿಡಿದು ನಿಂತಳು. ಕೊಟ್ರಬಸಮ್ಮನಿಂದ ಸುದ್ದಿ ಕೊಂಡುಹೋಗುವವರಲ್ಲಿ ಅವಳೇ ಮೊದಲಿನವಳು.

"ಸಿದ್ದೇಶ ಕಾಣವಲ್ಲ ಕೊಟ್ರಕ್ಕ?"

"ಡ್ಯೂಟಿ ಜಾಸ್ತಿ ಐತಿ. ಹರಪನಹಳ್ಳ್ಯಾಗ ಅದಾನ."

"ಒಬ್ಬನಾ?"

"ಮತ್ತ ಎಷ್ಟು ಮಂದಿ ಹಡದೀನಿ ನಾನು?"

ಯಶೋಧಾ ನಕ್ಕಳು. "ಹಂಗಲ್ಲಕ್ಕ. ನಮ್ಮನಿಯವ್ರು ಮೆಕ್ಕೆಜೋಳದ ಲಾರಿ ಕೂಡ ಅಲ್ಲಿಗೆ ಹೋಗಿದ್ರಲ್ಲ, ಸಿದ್ದೇಶ ಚೀಲ ತುಂಬ ಬದ್ನಿಕಾಯಿ ಆರಿಸಾಕತ್ತಿದ್ನಂತ. ಎಳೀವು ನೋಡಿ ಕೊಡು ಅಂತ ಕೇಳಿ ಕೇಳಿ. ಅತ್ತಿ ಎಲ್ಲಿ?"

"ಹಿರೇಹಡಗಲಿಗೆ ಹೋಗ್ಯಾರ," ಎಂದಳು ಕೊಟ್ರಬಸಮ್ಮ. ಗವಿಸಿದ್ದೇಶ ಹುಟ್ಟಿದಾಗಿನಿಂದ ಬದನೆಕಾಯಿ ಮುಟ್ಟಿದವನಲ್ಲ. ತಾಟಿಗೆ ಬಿದ್ದರೆ ತಾಟನ್ನೇ ಸರಿಸುವವನು. ಅವನು ಎಳೆಯದು ನೋಡಿ ಆರಿಸುತ್ತಾನೆಂದರೆ ಅದು ಯಾರದೋ ಬಯಕೆ.

ಮರುದಿನ ಗಂಡನಿಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಹರಪನಹಳ್ಳಿ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅವಳು ಬಾಗಿಲಲ್ಲಿ ಆಡಬೇಕಾದ ಮೊದಲ ಮಾತನ್ನು ಬಾಯೊಳಗೇ ತಿದ್ದುತ್ತಿದ್ದಳು. ಬಯ್ಯುವುದೇ, ಮೊದಲು ಜಾತಿ ಕೇಳುವುದೇ, ತಿಂಗಳೆಷ್ಟು ಎಂದು ಕೇಳುವುದೇ. ದೂರದ ಗುಡ್ಡದ ಮೇಲೆ ಫ್ಯಾನುಗಳು ಸಾವಕಾಶವಾಗಿ ತಿರುಗುತ್ತಿದ್ದವು. ಅವುಗಳ ಮೇಲೂ ಅವಳಿಗೆ ಸಿಟ್ಟು ಬಂತು.

ಬಸ್ ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಕಂಪನಿಯ ಆಫೀಸಿಗೆ ಹೋದಳು. ಕೊರಳಲ್ಲಿ ಗುರುತಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಎದ್ದು ಬಂದಳು. "ನಾನು ಕೀರ್ತನಾ. ಸಿದ್ದೇಶ್ ಅವ್ರ ತಾಯಿ ಅಲ್ಲೇನ್ರಿ ನೀವು? ಮುಖ ನೋಡಿದ್ರೇ ಗೊತ್ತಾಗುತ್ತೆ." ಕೊಟ್ರಬಸಮ್ಮ ಅವಳ ಮುಖಕ್ಕಿಂತ ಮೊದಲು ಹೊಟ್ಟೆ ನೋಡಿದಳು. ಇವಳಲ್ಲ.

"ಅವರು ಗುಡ್ಡಕ್ಕೆ ಹೋಗಿದಾರೆ. ನೀವು ಮನೆಗೆ ಹೋಗ್ರಿ, ನಮ್ಮನೆ ಹಿಂದಿನ ಸಾಲು, ನಾನೇ ಕೊಡ್ಸಿದ್ದು. ಮನೇಲಿ ಇದಾರಲ್ಲ..." ಎಂದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

"ಯಾರದಾರ ಮನ್ಯಾಗ?"

"ಅದು... ನೀವೇ ಹೋಗಿ ನೋಡ್ರಿ. ಹೇಳಬೇಡಿ ಅಂದಿದ್ರು."

ಕೀರ್ತನಾ ದಾರಿ ತೋರಿಸಿ ಹಿಂದೆ ಉಳಿದಳು. ಸಣ್ಣ ಮನೆ, ನೆಲಕ್ಕೆ ಸಮನಾದ ಹೊಸ್ತಿಲು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬಂತು. ಅದರ ಜೊತೆಗೆ ರೊಟ್ಟಿ ಬಡಿಯುವ ಸದ್ದು. ಕೊಟ್ರಬಸಮ್ಮ ಕಿವಿಗೊಟ್ಟು ಕೇಳಿದಳು. ಟಪ್ ಟಪ್ ಟಪ್, ಆಮೇಲೆ ಸುಮ್ಮನೆ. ಮತ್ತೆ ಟಪ್ ಟಪ್. ಮತ್ತೆ ಸುಮ್ಮನೆ. ನುರಿತ ಕೈ ಹೀಗೆ ನಿಂತು ನಿಂತು ಬಡಿಯುವುದಿಲ್ಲ. ಹೊಸ ಕೈ, ಅನುಮಾನವೇ ಬೇಡ. ಅವಳು ಬಾಗಿಲು ನೂಕಿದಳು.

ನೆಲದ ಮೇಲಿಟ್ಟ ಗ್ಯಾಸ್ ಒಲೆಯ ಮುಂದೆ, ಕಾಲು ಚಾಚಿ, ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಗಾದೆಮ್ಮ ಕೂತಿದ್ದಳು.

ಮುದುಕಿ ತಿರುಗಿ ನೋಡಿದಳು. ಗಾಬರಿಯಾಗಲಿಲ್ಲ. "ಬಂದ್ಯಾ. ಮೊನ್ನೇನ ಬರ್ತಿ ಅನ್ಕೊಂಡಿದ್ದೆ, ತಡ ಮಾಡಿದಿ."

ಕೊಟ್ರಬಸಮ್ಮ ಬಸ್ಸಿನುದ್ದಕ್ಕೂ ತಿದ್ದಿಟ್ಟುಕೊಂಡ ಮಾತು ಎಲ್ಲಿ ಹೋಯಿತೋ. "ಹಿರೇಹಡಗಲಿ..." ಎಂದಳು.

"ಹಿರೇಹಡಗಲ್ಯಾಗ ತಮ್ಮನ ಸೊಸಿ ಅದಾಳ. ಅಕೀನೂ ಒಲಿ ಮುಂದ ಕುಂದ್ರಗೊಡಂಗಿಲ್ಲ."

ಕೊಟ್ರಬಸಮ್ಮ ನಡುಮನೆ ದಾಟಿ ಒಳಕೋಣೆಗೆ ಹಣಿಕಿದಳು. ಎರಡು ಹಾಸಿಗೆ ಸುರುಳಿ, ಗೋಡೆಗೆ ಮಗನ ಅಂಗಿ, ಕಿಟಕಿಯಲ್ಲಿ ವಿಭೂತಿ ಗಟ್ಟಿ. ಬೇರೇನೂ ಇಲ್ಲ.

"ಬಸುರಿನ್ನ ಹುಡುಕಾಕತ್ತೀಯೇನು? ನಾನ ಅಂತ ಅವತ್ತ ಹೇಳಿದ್ನಲ್ಲ."

ಕೊಟ್ರಬಸಮ್ಮ ಗೋಡೆಗೊರಗಿ ಕೂತಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ಭಯ ಮೊದಲಿನದಕ್ಕಿಂತ ತಣ್ಣಗೆ ಮೈಯೇರಿತು. "ನಾ ನಿಮಗೇನು ಕಡಿಮಿ ಮಾಡೀನ್ರಿ ಅತ್ತಿ? ಬಿಸಿದು ಮಾಡಿ ಕುಂತಲ್ಲಿಗೆ ತಂದು ಕೊಟ್ಟೀನಿ. ಒಂದು ದಿನ ತಂಗಳ ಹಾಕಿಲ್ಲ."

"ಏನೂ ಕಡಿಮಿ ಮಾಡಿಲ್ಲ. ಕುಂತಲ್ಲಿಗೆ ಕೊಟ್ಟಿ, ಕುಂತ ಕುಂತ ಕೈ ಮರ್ತು ಹ್ವಾದ್ವು." ಗಾದೆಮ್ಮ ಇನ್ನೊಂದು ಉಂಡೆ ತಗೊಂಡಳು. "ನನ್ನ ರೊಟ್ಟಿ ಒಡಿಯಾಕ ಹತ್ತಿದ್ವು ಅಂತ ಕೈಯಾಗಿನ ಹಿಟ್ಟು ಇಸ್ಗೊಂಡಿ. ಒಡದಿದ್ದು ನಾನ ತಿಂತಿದ್ದೆ, ಯಾರಿಗೆ ಏನಾಗತಿತ್ತು? ಇವ ಮನಿ ಮಾಡ್ತೀನಿ ಅಂದಾಗ ನಾನ ಕೇಳ್ದೆ. ನನ್ನ ಕರ್ಕೊಂಡು ಹೋಗಲೇ, ನನಗೊಂದು ಒಲಿ ಕೊಡು, ಸಾಯೋದ್ರಾಗ ಒಂದಿಷ್ಟು ರೊಟ್ಟಿ ನಾನ ಬಡೀತೀನಿ ಅಂದೆ. ನಿನಗ ಹೇಳಬ್ಯಾಡ ಅಂದಾಕಿನೂ ನಾನ. ಅವನ್ನ ಬಯ್ಯಬ್ಯಾಡ."

"ರೊಟ್ಟಿ ಬಡಿಯಾಕ ಮನಿ ಬಿಟ್ರು ಅಂದ್ರ ಯಾರು ನಂಬ್ತಾರ್ರಿ? ಅತ್ತಿನ್ನ ಹೊರಗ ಹಾಕಿದ್ಲು ಅಂತಾರ. ಗಿರಣಿಗೆ ಬರೋರು ಒಬ್ಬೊಬ್ಬರೂ ಅಂತಾರ."

"ಅಂತಾರ. ನೀನೂ ಅವ್ರನ್ನ ಅಂದಿದ್ದಿ." ಮುದುಕಿ ಸಿಟ್ಟಿನಿಂದ ಹೇಳಲಿಲ್ಲ, ಹಿಟ್ಟಿಗೆ ನೀರು ಚಿಮುಕಿಸುವಷ್ಟೇ ಸಹಜವಾಗಿ ಹೇಳಿದಳು. "ಹಿರೇಹಡಗಲ್ಯಾಗ ಅದಾಳ ಅಂತ ಹೇಳು. ಸುಳ್ಳು ಅಂತ ನಾನೇನು ಬಂದು ಹೇಳಂಗಿಲ್ಲ. ಈಗ ಉಣ್ಣು."

ತಾಟಿನಲ್ಲಿ ರೊಟ್ಟಿ ಬಂತು. ಅಂಚೆಲ್ಲ ಬಿರಿದು, ನಡುವೆ ಸೀಳಿ, ಹೋಳು ಹೋಳಾಗಿತ್ತು. ಮೇಲೆ ಎಳೆಯ ಬದನೆಕಾಯಿಯ ಎಣ್ಣೆಗಾಯಿ.

"ಈ ಸಲ ಏಕಾಂತ ಯಾಕ ಇಷ್ಟು ದಪ್ಪ ಬೀಸ್ಯಾನ?" ಎಂದಳು ಗಾದೆಮ್ಮ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತ. "ಉದ್ದು ಹಾಕೀನಿ, ಬಿಸಿನೀರಾಗ ನಾದೀನಿ, ಆದ್ರೂ ನಿಲ್ಲವಲ್ದು. ಮೊದಲನೆ ದಿನ ಒಂದೂ ಇಡೀದು ಏಳ್ಲಿಲ್ಲ. ಕೈ ಪೂರಾ ಹ್ವಾದ್ವು, ಸುಮ್ನ ಬಂದ್ನೇನೋ ಅನ್ಕೊಂಡು ಕುಂತುಬಿಟ್ಟಿದ್ದೆ. ಸಿದ್ದೇಶ ಆ ಚೂರನ್ನ ಉಂಡು, ಚಲೋ ಅದಾವಜ್ಜಿ ಅಂದ. ಸುಳ್ಳ ಅಂದ."

ಕೊಟ್ರಬಸಮ್ಮ ತುತ್ತು ಬಾಯಿಗಿಟ್ಟಿದ್ದಳು. ಹಲ್ಲಿಗೆ ತರಿ ಸಿಕ್ಕಿತು. ತಾನೇ ಬೀಸಿದ ತರಿ. ನುಂಗಲು ನೀರು ಬೇಕಾಯಿತು.

"ಕೊಡ್ರಿ, ಉಳಿದಿದ್ದು ನಾ ಬಡೀತೀನಿ," ಎಂದು ಕೈ ಚಾಚಿದಳು.

ಗಾದೆಮ್ಮ ರೊಟ್ಟಿಯ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನೀ ಉಣ್ಣು."

ಉಂಡಳು. ಹೊರಡುವಾಗ ಮುದುಕಿ ಹಸನು ಮಾಡಿಟ್ಟ ಜೋಳವನ್ನು ಅದೇ ಡಬ್ಬಿಗೆ ತುಂಬಿ, ಮೇಲೆ ಒಂದು ಹಿಡಿ ಉದ್ದು ಹಾಕಿ, ನೀಲಿ ಮುಚ್ಚಳ ಒತ್ತಿ ಕೊಟ್ಟಳು. "ಹೆಂಗೂ ಹೊಂಟಿ. ಏಕಾಂತಗ ಸಣ್ಣಗ ಬೀಸು ಅನ್ನು. ಸಿದ್ದೇಶ ಬಂದು ಒಯ್ತಾನ." ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ರಬಸಮ್ಮ ಬಸ್ಸಿನಲ್ಲಿ ಕೂತಳು. ಸಡಿಲ ಮುಚ್ಚಳ ಪ್ರತಿ ಗುಂಡಿಗೂ ಮಾತಾಡಿದಂತೆ ಕಟಕಟ ಅಂದಿತು.

ಗಿರಣಿಯಲ್ಲಿ ಏಕಾಂತಪ್ಪ ಡಬ್ಬಿಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಎರಡೂ ಕಿವಿಯ ಹತ್ತಿ ತೆಗೆದ.

"ನಿಮಗ ಗೊತ್ತಿತ್ತು," ಎಂದಳು.

"ಅವ್ವ ಹೇಳಬ್ಯಾಡ ಅಂದಿದ್ಲು."

"ಕಲ್ಲು ಸಡ್ಲ ಮಾಡಿದ್ದೂ ನೋಡಿದ್ರಿ."

"ನೋಡಿದ್ನಿ. ಸಡ್ಲ ಆಗೈತಿ ಅಂದ್ನಲ್ಲ." ಅವನು ಅಷ್ಟಕ್ಕೇ ನಿಲ್ಲಿಸಿ ಮೋಟಾರಿನ ಕಡೆ ಹೋದ.

ಯಶೋಧಾ ಬೀಸಿಟ್ಟ ಗೋಧಿ ಹಿಟ್ಟು ಒಯ್ಯಲು ಬಂದಳು. ಬಂದವಳ ಕಣ್ಣು ತಕ್ಕಡಿಯ ಪಕ್ಕದ ಹೊಸ ಡಬ್ಬಿಯ ಮೇಲೆ ಬಿತ್ತು. ಹೆಸರಿಲ್ಲದ್ದು. ಇಲ್ಲಿಗೆ ಬರುವವರೆಲ್ಲ ಕೊಟ್ರಬಸಮ್ಮನಿಂದಲೇ ಕಲಿತ ವಿದ್ಯೆ ಅದು. ಅವಳು ಕೇಳದೆ ಮುಚ್ಚಳ ತೆಗೆದಳು.

"ಹೊಸ ಜೋಳಕ್ಕ ಉದ್ದು ಹಾಕ್ಯಾರ. ಯಾವಕಿನೋ ಹೊಸ ಸೊಸಿ ಇರಬೇಕು. ಯಾರ್ದಕ್ಕ ಇದು?"

ಸುಳ್ಳು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಮುದುಕಿಯೇ ಕೊಟ್ಟು ಕಳಿಸಿದ ಸುಳ್ಳು, ಯಾರೂ ಬಂದು ಅಲ್ಲಗಳೆಯದ ಸುಳ್ಳು. ಕೊಟ್ರಬಸಮ್ಮ ಡಬ್ಬಿಯನ್ನು ಎತ್ತಿ ಜೋಳ ಸುರುವಿದಳು. ಚಕ್ರಕ್ಕೆ ಕೈ ಹಾಕಿ ಕಲ್ಲು ಬಿಗಿದಳು.

"ನಮ್ಮತ್ತಿದು," ಎಂದಳು. "ಹರಪನಹಳ್ಳ್ಯಾಗ ಮೊಮ್ಮಗನ ಕೂಡ ಮನಿ ಮಾಡ್ಯಾರ."

"ಹಿರೇಹಡಗಲಿ ಅಂದಿದ್ದಿ?"

"ಅಂದಿದ್ದೆ."

"ಯಾಕಂತ, ಅಲ್ಲಿ?"

"ರೊಟ್ಟಿ ಬಡಿಯಾಕ."

ಯಶೋಧಾಳ ಕಣ್ಣು ಸಣ್ಣಗಾದವು. ಕೊಟ್ರಬಸಮ್ಮನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಆ ನೋಟ ಕೊಟ್ರಬಸಮ್ಮನಿಗೆ ಹೊಸದಲ್ಲ; ಈ ತಕ್ಕಡಿಯ ಮುಂದೆ ಅದನ್ನು ತಾನೇ ಪಡೆದದ್ದು ಮಾತ್ರ ಇದೇ ಮೊದಲು. ತನ್ನ ಡಬ್ಬಿ ಎತ್ತಿಕೊಂಡ ಯಶೋಧಾ ಮನೆಯ ದಾರಿ ಹಿಡಿಯಲಿಲ್ಲ, ಎದುರು ಓಣಿಗೆ ತ್ವರೆಯಿಂದ ತಿರುಗಿದಳು.

ಬಟ್ಟೆಯ ತೋಳಿನಿಂದ ಹಿಟ್ಟು ಬೀಳತೊಡಗಿತು, ಬಿಸಿಬಿಸಿಯಾಗಿ. ಕೊಟ್ರಬಸಮ್ಮ ಒಂದು ಚಿಟಿಕೆ ಹಿಡಿದು ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಇನ್ನೂ ತುಸು ತರಿ ಇತ್ತು. ಚಕ್ರವನ್ನು ಮತ್ತೊಂದಿಷ್ಟು ಬಿಗಿದು, ಬಿದ್ದಿದ್ದ ಹಿಟ್ಟನ್ನೆಲ್ಲ ಬಾಚಿ ಮರಳಿ ಕಲ್ಲಿಗೆ ಸುರಿದಳು.